ಗುಲಗಂಜಿ ತೂಕ
(ಬಾನುಲಿ ಭಾಷಣ)



ಮೂವತ್ತು ವರ್ಷಕ್ಕೂ ಮಿಕ್ಕಿ ಕಾಲೇಜಿನಲ್ಲಿ ಕನ್ನಡ ಪಾಠ ಹೇಳಿ ನಿವೃತ್ತನಾದವನು ನಾನು. ಪಂಪನ ವಿಷಯವಾಗಿಯೋ ಕುಮಾರವ್ಯಾಸನ ವಿಷಯವಾಗಿಯೋ ನಾಲ್ಕು ಮಾತು ಆಡೆಂದರೆ ಅಳುಕದೆ ಆಡಿಯೇನು. ಆದರೆ ಇಂದು ನಾನು ಎತ್ತಿಕೊಂಡಿರುವುದು ಎಲೆಕ್ಟ್ರಾನ್ ಮತ್ತು ಪಾಸಿಟ್ರಾನ್ ಎಂಬ ಎರಡು ಸೂಕ್ಷ್ಮ ಕಣಗಳ ಡಿಕ್ಕಿಯ ವಿಷಯವನ್ನು. ಆ ಡಿಕ್ಕಿಗಳನ್ನು ಎಣಿಸುವ ಬಗೆಯನ್ನು. ಕಣ್ಣಿಗೆ ಕಾಣದ ಕಿರಣಗಳನ್ನು ಹಿಡಿದು ಅಳೆಯುವ ಕಷ್ಟವನ್ನು. ಇದು ಅನಧಿಕಾರ ಪ್ರವೇಶವೆಂದು ನಿಮಗೆ ತೋರಿದರೆ ತಪ್ಪಲ್ಲ. ಆದರೂ ಇದನ್ನೇ ಆರಿಸಿಕೊಂಡೆ. ಏಕೆಂದರೆ ನನ್ನ ತಲೆಯ ಮೇಲೆ ಒಂದು ಹಳೆಯ ಸಾಲವಿದೆ. ಮೊದಲು ಆ ಸಾಲದ ಕತೆಯನ್ನು ಹೇಳಿಬಿಡುತ್ತೇನೆ.

1988ರ ಮಾತು. ನಾನಾಗ ಎಳೆಯ ಅಧ್ಯಾಪಕ. ಕಾಲೇಜಿನ ವಾರ್ಷಿಕ ಸಂಚಿಕೆಯ ಕನ್ನಡ ವಿಭಾಗಕ್ಕೆ ಬಂದ ಲೇಖನಗಳನ್ನು ತಿದ್ದುವ ಹೊಣೆ ನನ್ನದು. ಬಿ.ಎಸ್ಸಿ. ಓದುತ್ತಿದ್ದ ಹಳ್ಳಿಯ ಹುಡುಗನೊಬ್ಬ ಎಂಟು ಪುಟದ ಒಂದು ಲೇಖನ ತಂದುಕೊಟ್ಟ. ಅದರಲ್ಲಿ ನ್ಯೂಟ್ರಿನೊ ಎಂಬ ಕಣವೊಂದರ ವಿಚಾರವಿತ್ತು. ಕೋಲಾರದ ಚಿನ್ನದ ಗಣಿಯ ವಿಚಾರವಿತ್ತು. ಆ ವರ್ಷ ಪದ್ಮಭೂಷಣ ಪ್ರಶಸ್ತಿ ಪಡೆದ ವಿಜ್ಞಾನಿಯೊಬ್ಬರು ನಮ್ಮ ನಂಜನಗೂಡಿನವರೇ ಎಂಬ ಮಾತೂ ಇತ್ತು. ನ್ಯೂಟ್ರಿನೊ ಎಂಬುದಕ್ಕೆ ಹುಡುಗ ತಾನೇ ಒಂದು ಕನ್ನಡ ಹೆಸರನ್ನು ಕಟ್ಟಿದ್ದ: 'ನಿರ್ಲಿಪ್ತ ಕಣ'.

ನಾನು ಕೆಂಪು ಮಸಿಯಲ್ಲಿ ಮೂರು ಕಡೆ ಗೀಟು ಹಾಕಿದೆ. 'ನಿರ್ಲಿಪ್ತ' ಎಂಬುದರ ಪಕ್ಕದಲ್ಲಿ, 'ಇದು ಯೋಗಿಗಳಿಗೆ ಸಲ್ಲುವ ಮಾತು, ಜಡವಸ್ತುವಿಗಲ್ಲ' ಎಂದು ಬರೆದೆ. ನಂಜನಗೂಡಿನವರು ಎಂಬಲ್ಲಿ, 'ಆಧಾರವೇನು?' ಎಂದು ಕೇಳಿದೆ. ಕೊನೆಯ ಪುಟದ ಕೆಳಗೆ, 'ಇದು ಸಾಹಿತ್ಯವಲ್ಲ' ಎಂದು ಷರಾ ಬರೆದು ಹಿಂದಿರುಗಿಸಿದೆ. ಹುಡುಗ ವಾದಿಸಲಿಲ್ಲ. 'ಆಗಲಿ ಸಾರ್' ಎಂದು ತೆಗೆದುಕೊಂಡು ಹೋದ. ಮತ್ತೆ ಯಾವ ಸಂಚಿಕೆಗೂ ಅವನು ಏನನ್ನೂ ಕೊಟ್ಟಂತೆ ನನಗೆ ನೆನಪಿಲ್ಲ.

ಮೂವತ್ತೊಂದು ವರ್ಷ ಕಳೆಯಿತು. 2019ರ ಅಕ್ಟೋಬರ್ ಕೊನೆಯಲ್ಲಿ ಪತ್ರಿಕೆಯಲ್ಲಿ ಒಂದು ನಿಧನವಾರ್ತೆ ಓದಿದೆ. ಬದನವಾಳು ವೆಂಕಟಸುಬ್ಬ ಶ್ರೀಕಂಠನ್, ಬಿ.ವಿ. ಶ್ರೀಕಂಠನ್ ಎಂದು ವಿಜ್ಞಾನಲೋಕ ಬಲ್ಲವರು, ಅಕ್ಟೋಬರ್ 27ರಂದು ತಮ್ಮ ತೊಂಬತ್ತನಾಲ್ಕನೆಯ ವಯಸ್ಸಿನಲ್ಲಿ ಬೆಂಗಳೂರಿನಲ್ಲಿ ತೀರಿಕೊಂಡಿದ್ದರು. ಹುಟ್ಟಿದ್ದು 1925ರ ಜೂನ್ 30ರಂದು, ನಂಜನಗೂಡಿನಲ್ಲಿ. ಮುಂಬಯಿಯ ಟಾಟಾ ಮೂಲಭೂತ ಸಂಶೋಧನ ಸಂಸ್ಥೆಗೆ 1975ರಿಂದ 1987ರವರೆಗೆ ನಿರ್ದೇಶಕರಾಗಿದ್ದವರು. ನಾನು ಕೇಳಿದ್ದ ಆಧಾರ ಅಲ್ಲಿತ್ತು. ಬದನವಾಳು ಎಂಬ ಹೆಸರನ್ನು ಕೇಳಿದರೆ ನಮ್ಮ ತಾಲ್ಲೂಕಿನವರಿಗೆ ನೆನಪಾಗುವುದು 1927ರಲ್ಲಿ ಗಾಂಧೀಜಿ ಭೇಟಿಯಿತ್ತ ಖಾದಿ ಕೇಂದ್ರ. ಆ ಹೆಸರನ್ನು ತಲೆಯಲ್ಲಿಟ್ಟುಕೊಂಡೇ ಒಬ್ಬರು ಜಗತ್ತನ್ನು ಸುತ್ತಿದರೆಂಬುದು ನನಗೆ ತಿಳಿಯದೇ ಹೋಯಿತು. ಇನ್ನು ಶ್ರೀಕಂಠ ಎಂಬುದಂತೂ ನಮ್ಮ ಊರ ದೇವರ ಹೆಸರೇ.

ಅಂದಿನಿಂದ ಐದಾರು ವರ್ಷ ನಾನು ಒಂದಿಷ್ಟು ಓದಿದೆ, ಬಲ್ಲವರನ್ನು ಕೇಳಿದೆ. ನನ್ನ ಓದಿನ ಫಲವನ್ನು ಈಗ ನಿಮ್ಮ ಮುಂದಿಡುತ್ತೇನೆ. ಗಣಿತವಿಲ್ಲದೆ ಹೇಳಬಹುದಾದಷ್ಟನ್ನು ಮಾತ್ರ.

ಕತೆ 1912ರಲ್ಲಿ ಮೊದಲಾಗುತ್ತದೆ. ಆಸ್ಟ್ರಿಯಾದ ವಿಕ್ಟರ್ ಹೆಸ್ ಎಂಬಾತ ಬಲೂನಿನಲ್ಲಿ ಮೇಲೇರಿ, ಎತ್ತರಕ್ಕೆ ಹೋದಂತೆ ಒಂದು ಬಗೆಯ ಕಾಣದ ವಿಕಿರಣ ಹೆಚ್ಚುತ್ತದೆಂಬುದನ್ನು ಕಂಡ. ಅದು ನೆಲದಿಂದ ಬಂದುದಲ್ಲ, ಆಕಾಶದಿಂದ ಇಳಿದುದು. ಅದಕ್ಕೆ ವಿಶ್ವಕಿರಣ ಎಂದು ಹೆಸರಾಯಿತು. ಈ ಕಿರಣಗಳು ನಮ್ಮ ವಾಯುಮಂಡಲಕ್ಕೆ ಬಡಿದು ಒಡೆದು ಕಣಗಳ ಸೋನೆಯಾಗಿ ಸುರಿಯುತ್ತವೆ. ಈಗ ನೀವು ಅಂಗೈಯನ್ನು ಚಾಚಿ ಹಿಡಿದರೆ ಸೆಕೆಂಡಿಗೆ ಹೆಚ್ಚುಕಡಿಮೆ ಒಂದರಂತೆ ಮ್ಯೂಆನ್ ಎಂಬ ಕಣ ಅದನ್ನು ತೂರಿಕೊಂಡು ಹೋಗುತ್ತಿರುತ್ತದೆ. ನಮಗೆ ಮಾತ್ರ ಸೋಂಕಿದ ಅರಿವೂ ಆಗುವುದಿಲ್ಲ.

1932ರಲ್ಲಿ ಅಮೆರಿಕದ ಕಾರ್ಲ್ ಆಂಡರ್ಸನ್ ಈ ವಿಶ್ವಕಿರಣಗಳ ನಡುವೆ ಒಂದು ಹೊಸ ಕಣವನ್ನು ಕಂಡ. ತೂಕದಲ್ಲಿ ಎಲೆಕ್ಟ್ರಾನಿನ ಪಡಿಯಚ್ಚು. ವಿದ್ಯುತ್ತಿನಲ್ಲಿ ಮಾತ್ರ ತದ್ವಿರುದ್ಧ. ಎಲೆಕ್ಟ್ರಾನ್ ಋಣವಾದರೆ ಇದು ಧನ. ಇದೇ ಪಾಸಿಟ್ರಾನ್. ಹೀಗೊಂದು ಇರಬೇಕೆಂದು ಡಿರಾಕ್ ಎಂಬ ಗಣಿತಜ್ಞ ಅದಕ್ಕೆ ಮೊದಲೇ ಲೆಕ್ಕ ಹಾಕಿ ಹೇಳಿದ್ದ. ಎಲೆಕ್ಟ್ರಾನ್ ಪಾಸಿಟ್ರಾನ್ ಒಂದನ್ನೊಂದು ಸಂಧಿಸಿದರೆ ಎರಡೂ ಅಳಿದು ಶಕ್ತಿಯಾಗಬಹುದು. ಆ ಶಕ್ತಿಯಿಂದ ಬೇರೆ ಕಣಗಳು ಹುಟ್ಟಬಹುದು.

ಇಲ್ಲಿ ನಮ್ಮವರೊಬ್ಬರು ಪ್ರವೇಶಿಸುತ್ತಾರೆ. ಹೋಮಿ ಭಾಭಾ ಅವರಿಗೆ ಆಗ ಸುಮಾರು ಇಪ್ಪತ್ತಾರು ವರ್ಷ, ಕೇಂಬ್ರಿಜ್ಜಿನಲ್ಲಿದ್ದರು. ಎಲೆಕ್ಟ್ರಾನ್ ಪಾಸಿಟ್ರಾನ್ ಎದುರಾದಾಗ ಅಳಿಯದೆ, ಒಂದನ್ನೊಂದು ತಾಗಿ ದಿಕ್ಕು ಬದಲಿಸಿ ಚದರುವುದೂ ಉಂಟಷ್ಟೆ. ಹಾಗೆ ಚದರುವುದು ಎಷ್ಟು ಸಲ, ಯಾವ ಕೋನದಲ್ಲಿ ಎಂಬುದನ್ನು ಅವರು ಲೆಕ್ಕ ಹಾಕಿದರು. 1935ರ ಅಕ್ಟೋಬರಿನಲ್ಲಿ ಕಳುಹಿಸಿದ ಆ ಪ್ರಬಂಧ ಮರುವರ್ಷ ಲಂಡನ್ನಿನ ರಾಯಲ್ ಸೊಸೈಟಿಯ ಪತ್ರಿಕೆಯಲ್ಲಿ ಅಚ್ಚಾಯಿತು. ಆ ಚದರಿಕೆಗೆ ಇಂದಿಗೂ ಪ್ರಪಂಚದಲ್ಲೆಲ್ಲ 'ಭಾಭಾ ಚದರಿಕೆ' ಎಂದೇ ಹೆಸರು. ಅದಕ್ಕೆ ಒಂದು ತಿಂಗಳ ಹಿಂದೆ, 1935ರ ಸೆಪ್ಟೆಂಬರಿನಲ್ಲಿ, ಮೈಸೂರಿನಲ್ಲಿ ಎಂ.ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲಿ ಬಾನುಲಿ ನಿಲಯವನ್ನು ಆರಂಭಿಸಿದ್ದರು. 'ಆಕಾಶವಾಣಿ' ಎಂಬ ಹೆಸರು ಆ ನಿಲಯದ್ದು. ಕಾಣದ ಅಲೆಗಳ ಮೂಲಕ ಮಾತು ಮನೆಗೆ ಬರತೊಡಗಿದ ಆ ಕಾಲದಲ್ಲಿ ನಂಜನಗೂಡಿನ ಶ್ರೀಕಂಠನ್ ಹತ್ತು ವರ್ಷದ ಬಾಲಕ. ಮುಂದೆ ಎಂ.ಎಸ್ಸಿ.ಯಲ್ಲಿ ಅವರು ಆರಿಸಿಕೊಂಡ ವಿಶೇಷ ವಿಷಯವೂ ವೈರ್‌ಲೆಸ್.

ಭಾಭಾ ಲೆಕ್ಕದ ಸ್ವಾರಸ್ಯವನ್ನು ಸ್ವಲ್ಪ ವಿವರಿಸಬೇಕು. ಡಿಕ್ಕಿಯಾದ ಮೇಲೆ ಹೊರಗೆ ಬರುವುದೂ ಒಂದು ಎಲೆಕ್ಟ್ರಾನ್, ಒಂದು ಪಾಸಿಟ್ರಾನ್. ಇವು ಮೊದಲಿದ್ದ ಜೋಡಿಯೇ ಚದರಿ ಬಂದುದೋ ಅಥವಾ ಹಳೆಯ ಜೋಡಿ ಅಳಿದು ಅದರ ಶಕ್ತಿಯಿಂದ ಹೊಸದಾಗಿ ಹುಟ್ಟಿದ ಜೋಡಿಯೋ? ಹೇಳಲು ಬರುವುದಿಲ್ಲ. ತಿಳಿಯದೆಂದಲ್ಲ, ತಿಳಿಯುವ ದಾರಿಯೇ ಪ್ರಕೃತಿಯಲ್ಲಿಲ್ಲ. ಆದ್ದರಿಂದ ಎರಡು ಬಗೆಯನ್ನೂ ಬೆರೆಸಿಯೇ ಲೆಕ್ಕ ಹಾಕಬೇಕೆಂದು ಅವರು ತೋರಿಸಿದರು. ತಿರುಮಕೂಡಲು ನರಸೀಪುರದ ಸಂಗಮದಲ್ಲಿ ನಿಂತವರಿಗೆ ಇದು ಅರ್ಥವಾದೀತು. ಕಾವೇರಿ ಬರುವುದು ಕಾಣುತ್ತದೆ, ಕಪಿಲೆ ಬರುವುದು ಕಾಣುತ್ತದೆ. ಕೂಡಿದ ಮೇಲೆ ಕೆಳಗೆ ಹೋಗಿ ಒಂದು ಬೊಗಸೆ ನೀರೆತ್ತಿ, 'ಇದು ಯಾವ ಹೊಳೆಯದು?' ಎಂದು ಕೇಳಿದರೆ ಉತ್ತರವಿಲ್ಲ.

1939ರಲ್ಲಿ ಭಾಭಾ ರಜೆಗೆಂದು ಭಾರತಕ್ಕೆ ಬಂದರು. ಯುದ್ಧ ಆರಂಭವಾಗಿ ಹಿಂದಿರುಗಲಾಗಲಿಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ, ಸಿ.ವಿ. ರಾಮನ್ನರಿದ್ದಲ್ಲಿ, ವಿಶ್ವಕಿರಣಗಳ ಸಂಶೋಧನೆಗೆ ಒಂದು ಘಟಕ ಕಟ್ಟಿದರು. ಟಾಟಾ ಸಂಸ್ಥೆ ಹುಟ್ಟಿದ್ದೂ 1945ರಲ್ಲಿ ಬೆಂಗಳೂರಿನಲ್ಲೇ. ಅದೇ ವರ್ಷ ಮುಂಬಯಿಗೆ ಹೋಯಿತು. 1948ರಲ್ಲಿ ಶ್ರೀಕಂಠನ್ ಅಲ್ಲಿಗೆ ಸೇರಿದರು. ವಿಶ್ವಕಿರಣಗಳು ನೆಲದೊಳಗೆ ಎಷ್ಟು ಆಳದವರೆಗೆ ತೂರಬಲ್ಲವು ಎಂದು ಅಳೆಯುವ ಕೆಲಸ ಈ ತರುಣನ ಪಾಲಿಗೆ ಬಂತು. ಹಾಗೆ ಅಳೆಯಲು ನಮ್ಮ ದೇಶದಲ್ಲಿ ಕೋಲಾರದ ಚಿನ್ನದ ಗಣಿಗಿಂತ ತಕ್ಕ ಜಾಗ ಇನ್ನೆಲ್ಲಿ? 1950ರ ದಶಕದ ಆರಂಭದಲ್ಲಿ ಅವರು ಗೈಗರ್ ನಳಿಗೆಗಳನ್ನು ಇಳಿಸಿಕೊಂಡು ಗಣಿಯೊಳಗೆ ಹೋದರು. ಆ ಕೆಲಸವೇ ಅವರ ಪಿಎಚ್.ಡಿ. ಆಯಿತು, 1954ರಲ್ಲಿ.

ಕೋಲಾರದ ಗಣಿಗೂ ನಮ್ಮ ಸೀಮೆಗೂ ಒಂದು ನಂಟಿದೆ. ನರಸೀಪುರದಲ್ಲಿ ಕೂಡಿದ ಕಾವೇರಿ ಕಪಿಲೆಯರ ನೀರು ಮುಂದೆ ಹರಿದು ಶಿವನಸಮುದ್ರದಲ್ಲಿ ಧುಮುಕುತ್ತದೆ. 1902ರಲ್ಲಿ ಅಲ್ಲಿ ಹುಟ್ಟಿದ ವಿದ್ಯುತ್ತು ಮೊದಲು ಹೋದದ್ದು ಬೆಂಗಳೂರಿಗಲ್ಲ, ಮೈಸೂರಿಗೂ ಅಲ್ಲ, ಕೋಲಾರದ ಗಣಿಗೆ. ಸುಮಾರು ನೂರೈವತ್ತು ಕಿಲೋಮೀಟರ್ ತಂತಿ ಎಳೆದು ಒಯ್ದರು. ನಮ್ಮ ಹೊಳೆಗಳ ಬಲ ಮೊದಲು ಹೋದ ದಾರಿಯಲ್ಲಿ ಅರ್ಧ ಶತಮಾನದ ನಂತರ ನಮ್ಮ ಊರಿನ ಹುಡುಗನೂ ಹೋದ.

ಚಿನ್ನದ ಗಣಿಯಲ್ಲಿ ಅಳೆದದ್ದು ಹೇಗೆ? ಆಳಕ್ಕೆ ಹೋದಂತೆ ಬಂಡೆ ಮ್ಯೂಆನುಗಳನ್ನು ತಡೆಯುತ್ತ ಹೋಗುತ್ತದೆ. ಅಂಗೈಗೆ ಸೆಕೆಂಡಿಗೊಂದು ಬೀಳುತ್ತಿದ್ದುದು ಗಂಟೆಗೊಂದು, ದಿನಕ್ಕೊಂದು, ವಾರಕ್ಕೊಂದು ಎಂಬಂತೆ ವಿರಳವಾಗುತ್ತದೆ. 1960ರ ದಶಕದ ಆರಂಭದಲ್ಲಿ ಜಪಾನಿನ ಮಿಯಾಕೆ, ನಮ್ಮ ನರಸಿಂಹಂ ಮತ್ತು ರಮಣಮೂರ್ತಿ ಎರಡು ಮುಕ್ಕಾಲು ಕಿಲೋಮೀಟರಿಗೂ ಮಿಕ್ಕಿದ ಆಳದಲ್ಲಿ ಯಂತ್ರವಿಟ್ಟು ಸುಮಾರು ಎರಡು ತಿಂಗಳು ಕಾದರು. ಒಂದೇ ಒಂದು ಮ್ಯೂಆನ್ ಬರಲಿಲ್ಲ. ಬೇರೆಯವರಾದರೆ 'ಶ್ರಮ ವ್ಯರ್ಥ' ಎಂದಾರು. ಇವರು, 'ಇದಕ್ಕಿಂತ ನಿಶ್ಶಬ್ದವಾದ ಜಾಗ ಇನ್ನೆಲ್ಲಿ ಸಿಕ್ಕೀತು?' ಎಂದುಕೊಂಡರು. ಅಂಥ ನಿಶ್ಶಬ್ದದಲ್ಲಿ ಕೇಳಬೇಕಾದ ಪಿಸುಮಾತು ನ್ಯೂಟ್ರಿನೊ.

ನ್ಯೂಟ್ರಿನೊ ಯಾವುದಕ್ಕೂ ಅಂಟದ ಕಣ. ಸೂರ್ಯನಿಂದ ಬರುವ ನ್ಯೂಟ್ರಿನೊಗಳೇ ನಮ್ಮ ಹೆಬ್ಬೆರಳ ಉಗುರಿನಷ್ಟು ಜಾಗದಲ್ಲಿ ಪ್ರತಿ ಸೆಕೆಂಡಿಗೆ 6000 ಕೋಟಿಗೂ ಹೆಚ್ಚು ಹಾದುಹೋಗುತ್ತವೆ. ಭೂಮಿಯ ಒಂದು ಮಗ್ಗುಲಲ್ಲಿ ಹೊಕ್ಕು ಇನ್ನೊಂದು ಮಗ್ಗುಲಲ್ಲಿ ಹೊರಡುತ್ತವೆ, ಏನನ್ನೂ ಮುಟ್ಟದೆ. ಎಲ್ಲೋ ಅಪರೂಪಕ್ಕೊಂದು ಬಂಡೆಯಲ್ಲಿ ಪರಮಾಣುವೊಂದನ್ನು ತಾಗಿ ಒಂದು ಮ್ಯೂಆನನ್ನು ಹುಟ್ಟಿಸುತ್ತದೆ. ಆಕಾಶದಿಂದ ಇಳಿದ ಮ್ಯೂಆನ್ ಮೇಲಿಂದ ಕೆಳಕ್ಕೆ ಬರಬೇಕು. ನ್ಯೂಟ್ರಿನೊ ಹುಟ್ಟಿಸಿದ್ದು ಅಡ್ಡಡ್ಡಲಾಗಿಯೂ ಬರಬಹುದು. ಏಕೆಂದರೆ ಅಡ್ಡದಾರಿಯಲ್ಲಿ ಅಷ್ಟೊಂದು ಬಂಡೆಯನ್ನು ತೂರಿ ಬರುವ ಶಕ್ತಿ ಬೇರೆ ಯಾವುದಕ್ಕೂ ಇಲ್ಲ. ಆದ್ದರಿಂದ ಅಡ್ಡಲಾಗಿ ಹೋಗುವ ಕಣಗಳನ್ನೇ ಕಾಯುವಂತೆ ಯಂತ್ರವನ್ನು ಗೋಡೆ ಗೋಡೆಯಾಗಿ ನಿಲ್ಲಿಸಿದರು. ಕಣ ತಾಗಿದರೆ ಮಿನುಗುವ ವಿಶೇಷ ಪ್ಲಾಸ್ಟಿಕ್ಕಿನ ಫಲಕಗಳು, ಅವುಗಳ ನಡುವೆ ನಿಯಾನ್ ತುಂಬಿದ ಗಾಜಿನ ನಳಿಗೆಗಳ ಸಾಲು. ಕಣ ಹೋದ ದಾರಿಯ ನಳಿಗೆಗಳು ಮಾತ್ರ ಬೆಳಗುತ್ತವೆ. ಕ್ಯಾಮೆರಾ ಅದನ್ನು ಹಿಡಿಯುತ್ತದೆ. ಕತ್ತಲೆಯಲ್ಲಿ ಹೊಲದ ಬದುವಿನ ಮೇಲೆ ಲಾಟೀನು ಹಿಡಿದು ಹೋದವನ ದಾರಿಯನ್ನು ನಾವು ದೂರದಿಂದ ಊಹಿಸುವುದಿಲ್ಲವೆ, ಹಾಗೆ.

ಭೂಮಿಯ ಮೇಲ್ಮೈಯಿಂದ 2.3 ಕಿಲೋಮೀಟರ್ ಕೆಳಗೆ, ಬಂಡೆಯೇ ಬೆಚ್ಚಗಿರುವ ಜಾಗದಲ್ಲಿ, ಟಾಟಾ ಸಂಸ್ಥೆ, ಜಪಾನಿನ ಒಸಾಕಾ ನಗರ ವಿಶ್ವವಿದ್ಯಾನಿಲಯ ಮತ್ತು ಇಂಗ್ಲೆಂಡಿನ ಡರ್ಹ್ಯಾಮ್ ವಿಶ್ವವಿದ್ಯಾನಿಲಯದವರು ಕೂಡಿ ಕಾದರು. ಮಂಗಳೂರಿನಲ್ಲಿ ಹುಟ್ಟಿದ ಎಂ.ಜಿ.ಕೆ. ಮೆನನ್ ಮತ್ತು ನಮ್ಮ ಶ್ರೀಕಂಠನ್ ಆ ತಂಡದಲ್ಲಿದ್ದರು. 1965ರಲ್ಲಿ ಅಡ್ಡ ಬಂದ ಕಣಗಳು ಸಿಕ್ಕವು. ವಾಯುಮಂಡಲದಲ್ಲಿ ಹುಟ್ಟಿದ ನ್ಯೂಟ್ರಿನೊಗಳ ಕುರುಹು! ಆ ವಾರ್ತೆ ಅಚ್ಚಾದ ವಿಜ್ಞಾನಪತ್ರಿಕೆಯ ಸಂಚಿಕೆಯ ದಿನಾಂಕ ಆಗಸ್ಟ್ 15. ದಕ್ಷಿಣ ಆಫ್ರಿಕದಲ್ಲಿ, ಅದೂ ಒಂದು ಚಿನ್ನದ ಗಣಿಯಲ್ಲೇ, ಇದೇ ಕೆಲಸ ಮಾಡುತ್ತಿದ್ದ ಫ್ರೆಡೆರಿಕ್ ರೈನ್ಸ್ ಅವರ ತಂಡದ ಲೇಖನ ಅಚ್ಚಾದದ್ದು ಆಗಸ್ಟ್ 30ರಂದು. ನ್ಯಾಯವಾಗಿ ಇನ್ನೊಂದು ಮಾತೂ ಹೇಳಬೇಕು: ರೈನ್ಸ್ ಅವರಿಗೆ ಮೊದಲ ಕಣ ಸಿಕ್ಕಿದ್ದು ಫೆಬ್ರವರಿಯಲ್ಲೇ. ಸಿಕ್ಕಿದ್ದು ಅವರಿಗೆ ಮೊದಲು, ಲೋಕಕ್ಕೆ ಸಾರಿದ್ದು ಕೋಲಾರ ಮೊದಲು. ಇಬ್ಬರಿಗೂ ಗೌರವ ಸಲ್ಲಲಿ.

ಭಾಭಾ ಅದನ್ನು ಕಂಡರು. ಆದರೆ ಐದು ತಿಂಗಳ ಮಟ್ಟಿಗೆ. 1966ರ ಜನವರಿ 24ರಂದು ಅವರಿದ್ದ ವಿಮಾನ ಜಿನೀವಾದಲ್ಲಿ ಇಳಿಯುವ ಮುನ್ನ ಮೋಂ ಬ್ಲಾಂ ಶಿಖರಕ್ಕೆ ಬಡಿದು ನಾಶವಾಯಿತು.

ಈಗ ನಾನು ಅದೇ ಜಿನೀವಾಕ್ಕೆ ಬರಬೇಕು. ಆದರೆ ದಾರಿಯಲ್ಲಿ ನರಸೀಪುರವಿದೆ.

ಕಳೆದ ಕುಂಭಮೇಳ, 2025ರ ಫೆಬ್ರವರಿಯದು. 1989ರಲ್ಲಿ ಮೊದಲಾದ ಈ ಮೇಳಕ್ಕೆ ಅನೇಕ ಸಲ ಹೋಗಿದ್ದೇನೆ. ಜನದ ನಡುವೆ ಮೆಲ್ಲನೆ ನಡೆಯುತ್ತಿದ್ದೆ. 'ಸಾರ್, ನಮಸ್ಕಾರ' ಎಂದು ಒಬ್ಬರು ಅಡ್ಡ ನಿಂತರು. ಕೂದಲು ನರೆತ, ಕನ್ನಡಕದ ಮನುಷ್ಯ. ಹೆಸರು ಹೇಳಿದ ಮೇಲೆ ನನ್ನ ಎದೆ ಧಸಕ್ಕೆಂದಿತು. ಅದೇ ಹುಡುಗ. ನಮ್ಮ ಸೀಮೆಯ ಹಳ್ಳಿಯೊಂದರ ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರು. ಇನ್ನೆರಡು ಮೂರು ವರ್ಷಕ್ಕೆ ನಿವೃತ್ತಿ. ಇಬ್ಬರೂ ಮಂಟಪದ ನೆರಳಿನಲ್ಲಿ ಕುಳಿತೆವು. ನಾನು ತಡಮಾಡಲಿಲ್ಲ. 'ನಿನ್ನ ಲೇಖನವನ್ನು ತಿರುಗಿಸಿ ಕೊಟ್ಟದ್ದು ತಪ್ಪಾಯಿತಪ್ಪಾ' ಎಂದೆ.

ಅವರು ನಕ್ಕರು. 'ಬಿಡಿ ಸಾರ್, ಎಷ್ಟೊಂದು ಕಾಲವಾಯಿತು. ಆದರೆ ನೀವು ಆಧಾರವೇನು ಅಂತ ಬರೆದಿದ್ದಿರಲ್ಲ, ಅದು ಒಳ್ಳೆಯದೇ ಆಯಿತು. ಮಕ್ಕಳಿಗೆ ಏನು ಹೇಳಬೇಕಾದರೂ ಮೊದಲು ಆಧಾರ ಹುಡುಕುತ್ತೇನೆ' ಎಂದರು.

ನನಗೆ ಬಹು ದಿನದಿಂದ ಬಗೆಹರಿಯದಿದ್ದ ಒಂದು ಪ್ರಶ್ನೆಯನ್ನು ಅವರಲ್ಲಿ ಕೇಳಿದೆ. ಜಿನೀವಾದಲ್ಲಿ ನೆಲದಡಿ 27 ಕಿಲೋಮೀಟರ್ ಸುತ್ತಳತೆಯ ಉಂಗುರವೊಂದನ್ನು ಕಟ್ಟಿ 1989ರಿಂದ 2000ದವರೆಗೆ ಎಲೆಕ್ಟ್ರಾನ್ ಪಾಸಿಟ್ರಾನ್ ಧಾರೆಗಳನ್ನು ಎದುರುಬದುರಾಗಿ ಹಾಯಿಸಿ ಡಿಕ್ಕಿ ಹೊಡೆಸಿದರು. ಅದರ ಹೆಸರು ಲೆಪ್. ಟಾಟಾ ಸಂಸ್ಥೆಯವರೂ ಅಲ್ಲಿನ ನಾಲ್ಕು ಪ್ರಯೋಗಗಳಲ್ಲಿ ಎಲ್-3 ಎಂಬುದರಲ್ಲಿ ಪಾಲುಗೊಂಡರು. ಅಲ್ಲಿ ಎಷ್ಟೋ ಅಳತೆಗಳಿಗೆ ಭಾಭಾ ಚದರಿಕೆಯೇ ಆಧಾರವೆಂದು ಓದಿದ್ದೇನೆ. ಅದು ಹೇಗೆ?

ಅವರು ಹೊಳೆಯ ಕಡೆ ತೋರಿಸಿದರು. 'ಸಾರ್, ನಂಜನಗೂಡಿನ ದೊಡ್ಡ ಜಾತ್ರೆಗೆ ಎಷ್ಟು ಜನ ಬಂದರು ಅಂತ ಒಬ್ಬೊಬ್ಬರನ್ನೇ ಎಣಿಸೋದಕ್ಕಾಗುತ್ತದೆಯೆ? ಆಗೋದಿಲ್ಲ. ಆದರೆ ನೂರು ಜನರಲ್ಲಿ ಇಷ್ಟು ಜನ ಕಪಿಲೆಯಲ್ಲಿ ಮುಡಿ ಕೊಡುತ್ತಾರೆ ಅಂತ ಖಚಿತವಾಗಿ ಗೊತ್ತಿದ್ದರೆ, ಮುಡಿ ಕೊಟ್ಟವರನ್ನು ಎಣಿಸಿದರೆ ಸಾಕು. ಜಾತ್ರೆಯ ಲೆಕ್ಕ ಸಿಗುತ್ತದೆ. ಭಾಭಾ ಚದರಿಕೆ ಅಂದರೆ ಮುಡಿ ಕೊಟ್ಟವರ ಲೆಕ್ಕ. ಎಷ್ಟು ಸಂಧಿಸಿದರೆ ಎಷ್ಟು ಚದರಬೇಕು ಅಂತ ಅವರ ಗಣಿತ ಹೇಳುತ್ತದೆ. ಧಾರೆಯ ಕೊಳವೆಗೆ ಅಂಟಿದ ಹಾಗೆ ಎರಡು ಕಡೆಯೂ ಯಂತ್ರ ಇಟ್ಟು ಚದರಿದ್ದನ್ನು ಎಣಿಸಿದರು. ಅದರಿಂದ ಧಾರೆಗಳು ಎಷ್ಟು ಗಾಢವಾಗಿ ಸಂಧಿಸಿದವು ಅಂತ ತಿಳಿಯಿತು.'

ನಾನು ಎಷ್ಟೋ ಪುಸ್ತಕ ತಿರುವಿ ಹಾಕಿದರೂ ಹೊಳೆಯದಿದ್ದುದು ಒಂದು ಉಪಮೆಯಲ್ಲಿ ಹೊಳೆಯಿತು. ಇದು ಸಾಹಿತ್ಯವಲ್ಲ ಎಂದು ಬರೆದವನು ನಾನು!

ಲೆಪ್ ಯಂತ್ರದ ಸೂಕ್ಷ್ಮತೆಯನ್ನು ಕೇಳಿದರೆ ಬೆರಗಾಗುತ್ತದೆ. ಧಾರೆಯ ಶಕ್ತಿ ಒಂದು ಹೊತ್ತಿನಿಂದ ಇನ್ನೊಂದು ಹೊತ್ತಿಗೆ ತುಸು ತುಸುವೇ ಬದಲಾಗುತ್ತಿತ್ತು. ಕಾರಣ ಹುಡುಕಿದರೆ ಚಂದ್ರ! ಸಮುದ್ರವನ್ನು ಉಬ್ಬಿಸುವ ಚಂದ್ರನ ಸೆಳೆತ ನೆಲವನ್ನೂ ಎಳೆಯುತ್ತದೆ. 27 ಕಿಲೋಮೀಟರಿನ ಉಂಗುರ ಅದರಿಂದ ಒಂದು ಮಿಲಿಮೀಟರಿನಷ್ಟು ಹಿಗ್ಗಿ ಕುಗ್ಗುತ್ತದೆ. 1992ರಲ್ಲಿ ಅದನ್ನು ಅಳೆದು ಸ್ಥಿರಪಡಿಸಿದರು. ಬಳಿಕ ಇನ್ನೊಂದು ತೊಡಕು ಕಂಡಿತು. ಹಗಲೆಲ್ಲ ಗದ್ದಲ, ನಡುರಾತ್ರಿ ಶಾಂತ. 1995ರಲ್ಲಿ ಫ್ರಾನ್ಸಿನ ರೈಲ್ವೆ ನೌಕರರು ಮುಷ್ಕರ ಹೂಡಿದ ದಿನ ಗದ್ದಲವೇ ಇರಲಿಲ್ಲ. ವೇಗದ ರೈಲುಗಳ ವಿದ್ಯುತ್ತು ಹಳಿಯಿಂದ ನೆಲಕ್ಕೆ ಸೋರಿ ಉಂಗುರದ ಕೊಳವೆಯಲ್ಲಿ ಹರಿಯುತ್ತಿತ್ತು. ಪಂಚಾಂಗವನ್ನೂ ರೈಲ್ವೆ ವೇಳಾಪಟ್ಟಿಯನ್ನೂ ಒಟ್ಟಿಗೆ ನೋಡಿಕೊಂಡು ಪರಮಾಣುವಿಗಿಂತ ಸಣ್ಣದನ್ನು ಅಳೆಯಬೇಕಾಯಿತೆಂದರೆ ಸೃಷ್ಟಿಯಲ್ಲಿ ಯಾವುದು ಯಾವುದಕ್ಕೆ ಹೊರತು?

ಲೆಪ್‌ನಲ್ಲಿ ಕೇಳಿದ ದೊಡ್ಡ ಪ್ರಶ್ನೆಗಳಲ್ಲಿ ಒಂದು ಇದು: ನ್ಯೂಟ್ರಿನೊಗಳು ಎಷ್ಟು ಬಗೆ? ಡಿಕ್ಕಿಯಲ್ಲಿ ಝಡ್ ಎಂಬ ಕಣ ಹುಟ್ಟಿ ಕೂಡಲೇ ಒಡೆಯುತ್ತದೆ. ಐದರಲ್ಲಿ ಒಂದು ಪಾಲು ನ್ಯೂಟ್ರಿನೊಗಳಾಗಿ ಕಾಣದೆ ಹೋಗುತ್ತದೆ. ನ್ಯೂಟ್ರಿನೊಗಳ ಬಗೆ ಹೆಚ್ಚಿದಷ್ಟೂ ಕಾಣುವ ಪಾಲು ಕಡಿಮೆ. ಆದ್ದರಿಂದ ಕಂಡದ್ದನ್ನು ಸರಿಯಾಗಿ ಎಣಿಸಿದರೆ ಕಾಣದ್ದರ ಲೆಕ್ಕ ಸಿಗುತ್ತದೆ. ನರಸೀಪುರದ ತ್ರಿವೇಣಿಯಲ್ಲಿ ಕಾವೇರಿ ಕಪಿಲೆಯರ ಜತೆಗೆ ಸ್ಫಟಿಕ ಸರೋವರವೆಂಬ ಮೂರನೆಯದೊಂದು ಗುಪ್ತವಾಗಿ ಕೂಡುತ್ತದೆಂದು ನಮ್ಮ ನಂಬಿಕೆ. ನಂಬಿಕೆಗೆ ಅಳತೆ ಬೇಕಿಲ್ಲ, ವಿಜ್ಞಾನಕ್ಕೆ ಬೇಕು. ನಾಲ್ಕು ಪ್ರಯೋಗಗಳವರು ಕೂಡಿ 1 ಕೋಟಿ 70 ಲಕ್ಷ ಝಡ್ ಕಣಗಳನ್ನು ಎಣಿಸಿ ಕೊಟ್ಟ ಉತ್ತರ 2.984. ಅಂದರೆ ಮೂರು ಬಗೆ.

ಆದರೆ ಮೂರಕ್ಕೆ 0.016 ಕಡಿಮೆ. ಇದು ಹೇಳಿದ ಅಳತೆಯ ಅನಿಶ್ಚಿತತೆಯ, ಅಂದರೆ 0.008ರ, ಇಮ್ಮಡಿ. ಹೀಗೆ ಆಕಸ್ಮಿಕವಾಗಿಯೂ ಆಗಬಹುದು. ಹೋಗಲಿ ಎಂದು ಬಿಡಬಹುದಿತ್ತು. ಯಂತ್ರವನ್ನೇ ಬಿಚ್ಚಿಹಾಕಿ ಆ ಸುರಂಗದಲ್ಲಿ ಬೇರೊಂದನ್ನು ಕಟ್ಟಿಯಾಗಿತ್ತು. ಆದರೂ ಕೆಲವರು ಬಿಡಲಿಲ್ಲ. ಹಳೆಯ ಲೆಕ್ಕವನ್ನು ಮತ್ತೆ ತೆರೆದು 2019 ಮತ್ತು 2020ರ ಸುಮಾರಿಗೆ ಎರಡು ಕೊರತೆಗಳನ್ನು ಕಂಡುಹಿಡಿದರು. ಒಂದು: ಚದರಿದ ಕಣವನ್ನು ಎದುರು ಧಾರೆಯ ವಿದ್ಯುತ್ತು ತನ್ನ ಕಡೆಗೆ ತುಸು ಸೆಳೆದು, ಎಣಿಸುವ ಯಂತ್ರದ ಕೈಗೆ ಸಿಗದಂತೆ ಒಳಕ್ಕೆ ಬಾಗಿಸುತ್ತಿತ್ತು, ಸಾವಿರಕ್ಕೆ ಒಂದರಷ್ಟು ಲೆಕ್ಕ ತಪ್ಪಿತ್ತು. ಮುಡಿ ಕೊಟ್ಟವರಲ್ಲಿ ಕೆಲವರು ಜನರ ನೂಕಿನಲ್ಲಿ ಬೇರೆ ಬಾಗಿಲಿನಿಂದ ಹೊರಟುಹೋದ ಹಾಗೆ. ಇನ್ನೊಂದು: ನೂರಕ್ಕೆ ಎಷ್ಟು ಎಂಬ ಆ ಪ್ರಮಾಣವನ್ನೇ, ಎಂದರೆ ಭಾಭಾ ಚದರಿಕೆಯ ಗಣಿತವನ್ನೇ, ಮೊದಲಿಗಿಂತ ನಯವಾಗಿ ಲೆಕ್ಕ ಹಾಕಿದರು. ಎರಡನ್ನೂ ಸರಿಪಡಿಸಿದಾಗ ಉತ್ತರ 2.9963 ಆಯಿತು. ಉಳಿದ ಕೊರತೆ ಈಗ ಅನಿಶ್ಚಿತತೆಯ ಮಿತಿಯೊಳಗೇ ಇದೆ.

ಇದನ್ನು ಕೇಳುವಾಗ ನನ್ನ ಕಣ್ಣು ಹೊಳೆಯ ದಡದ ಗುಂಜಾ ನರಸಿಂಹನ ಗೋಪುರದ ಕಡೆ ಹೋಯಿತು. ಆ ದೇವರ ಬೆರಳಿನ ನಡುವೆ ಗುಲಗಂಜಿ ಇದೆ. ಕಾಶಿಯನ್ನೂ ಈ ಕ್ಷೇತ್ರವನ್ನೂ ತೂಗಿದಾಗ ಇದು ಗುಲಗಂಜಿಯಷ್ಟು ಹೆಚ್ಚು ತೂಗಿತೆಂದು ಸ್ಥಳಪುರಾಣ. ಗುಲಗಂಜಿಯೆಂದರೆ ಅಕ್ಕಸಾಲಿಗರು ಚಿನ್ನ ತೂಗುತ್ತಿದ್ದ ಬೀಜ. ಗ್ರಾಮಿನ ಎಂಟನೆಯ ಒಂದು ಪಾಲಿನಷ್ಟು. ಮೂರು ಸಾವಿರ ಗುಲಗಂಜಿ ಇರಬೇಕಾದಲ್ಲಿ ಹದಿನಾರು ಕಡಿಮೆಯೆಂದು ಬಂದಿತ್ತು. ಆ ಹದಿನಾರಕ್ಕಾಗಿ ನಿದ್ದೆಗೆಟ್ಟವರು ಅದನ್ನು ನಾಲ್ಕಕ್ಕೆ ಇಳಿಸಿದರು. ಊರಿಗೆ ಊರೇ ಹೆಚ್ಚೆಂದು ಜಂಬ ಪಡುವುದಕ್ಕೆ ನಾವು ಗುಲಗಂಜಿಯನ್ನು ನೆನೆಯುತ್ತೇವೆ. ನಮ್ಮ ತಪ್ಪಿನ ಲೆಕ್ಕಕ್ಕೂ ಅದೇ ತೂಕವನ್ನು ಬಳಸಿದರೆ ಎಷ್ಟು ಚೆನ್ನ!

ಇನ್ನು ಕೋಲಾರದ ಮಾತು. 2020ರ ಜನವರಿಯಲ್ಲಿ ನಾನು ಅಲ್ಲಿಗೆ ಹೋಗಿದ್ದೆ. 1980ರ ದಶಕದಲ್ಲಿ ಅದೇ ಆಳದಲ್ಲಿ ಪ್ರೋಟಾನ್ ಅಳಿಯುತ್ತದೆಯೇ ಎಂದು ನೋಡಲು 140 ಟನ್ನಿನ ಕಬ್ಬಿಣದ ಯಂತ್ರ ಕಟ್ಟಿದ್ದರು. 1990ರ ದಶಕದ ಆರಂಭದಲ್ಲಿ ಆ ಪ್ರಯೋಗಶಾಲೆ ಮುಚ್ಚಿತು. 2001ರಲ್ಲಿ ಗಣಿಯೂ ಮುಚ್ಚಿತು. ಒಳಗೆ ನೀರು ನಿಂತಿತು. ನಾನು ಕಂಡದ್ದು ಬೂದುಬಣ್ಣದ ಸೈನೈಡ್ ದಿಬ್ಬಗಳನ್ನು, ತುಕ್ಕು ಹಿಡಿದ ಕಂಬಗಳನ್ನು, ಬೆಳಗಿನ ರೈಲಿನಲ್ಲಿ ಬೆಂಗಳೂರಿಗೆ ದುಡಿಮೆಗೆ ಹೊರಟ ಜನವನ್ನು. ನೂರಿಪ್ಪತ್ತು ವರ್ಷ ಅಲ್ಲಿ ತೆಗೆದ ಚಿನ್ನದ ಲೆಕ್ಕ ಎಲ್ಲರ ಬಾಯಲ್ಲೂ ಇದೆ. ಅಲ್ಲಿ ಸಿಕ್ಕ ಅರಿವಿನ ಲೆಕ್ಕ ಇಟ್ಟವರು ಕಡಿಮೆ. ವಾಯುಮಂಡಲದ ನ್ಯೂಟ್ರಿನೊಗಳನ್ನು ಮುಂದೆ ಜಪಾನಿನವರು ದೊಡ್ಡ ಪ್ರಮಾಣದಲ್ಲಿ ಅಳೆದು, ಅವು ದಾರಿಯಲ್ಲಿ ಬಗೆ ಬದಲಿಸುತ್ತವೆಂದು ತೋರಿಸಿದರು. ಆ ಕೆಲಸಕ್ಕಾಗಿ ತಕಾಕಿ ಕಜಿತ 2015ರ ನೊಬೆಲ್ ಬಹುಮಾನದಲ್ಲಿ ಪಾಲು ಪಡೆದರು. ಆ ದಾರಿಯ ಮೊದಲ ಹೆಜ್ಜೆಗಳಲ್ಲೊಂದು ಬಿದ್ದದ್ದು ಕನ್ನಡ ನಾಡಿನ ಬಂಡೆಯ ಒಳಗೆ.

ಶ್ರೀಕಂಠನ್ ಅವರು ಅಷ್ಟಕ್ಕೇ ನಿಲ್ಲಲಿಲ್ಲ. 1966ರಲ್ಲಿ ಆಕಾಶದ ಕ್ಷ-ಕಿರಣ ಮೂಲವೊಂದರ ನೆಲೆಯನ್ನು ಗುರುತಿಸಿದ ಅಮೆರಿಕದ ತಂಡದಲ್ಲಿ ಅವರ ಹೆಸರಿದೆ. ನಿವೃತ್ತಿಯ ನಂತರ ಬೆಂಗಳೂರಿನ ರಾಷ್ಟ್ರೀಯ ಉನ್ನತ ಅಧ್ಯಯನ ಸಂಸ್ಥೆಯಲ್ಲಿ ಕುಳಿತು ಪ್ರಜ್ಞೆ ಎಂದರೇನು ಎಂಬ ಪ್ರಶ್ನೆಯನ್ನು ಕೈಗೆತ್ತಿಕೊಂಡರು. ನೆಲದ ಆಳ, ಆಕಾಶದ ಎತ್ತರ ಮುಗಿದ ಮೇಲೆ ಅಳೆಯುವವನ ಒಳಗು. ಅವರು ಬೆಂಗಳೂರಿನಲ್ಲಿದ್ದಷ್ಟು ಕಾಲವೂ ನಾನು ರೈಲು ಹತ್ತಿ ಹೋಗಿ ಕಾಣಬಹುದಾಗಿತ್ತು. ಕಾಣಲಿಲ್ಲ. ಯಾರೆಂದೇ ನನಗೆ ತಿಳಿದಿರಲಿಲ್ಲವಲ್ಲ.

ಮಂಟಪದಿಂದ ಏಳುವಾಗ ನನ್ನ ಹಳೆಯ ವಿದ್ಯಾರ್ಥಿಯನ್ನು ಕೇಳಿದೆ: 'ಆ ಲೇಖನ ಇಟ್ಟುಕೊಂಡಿದ್ದೀಯಾ?'

'ಇಲ್ಲ ಸಾರ್. ಆ ಪದ ಮಾತ್ರ ಇಟ್ಟುಕೊಂಡಿದ್ದೇನೆ. ತರಗತಿಯಲ್ಲಿ ನಿರ್ಲಿಪ್ತ ಕಣ ಅಂತಲೇ ಹೇಳೋದು. ಮಕ್ಕಳಿಗೆ ತಟ್ಟನೆ ಅರ್ಥವಾಗುತ್ತದೆ.'

ನ್ಯೂಟ್ರಿನೊ ಎಂಬುದರ ಅರ್ಥ ಇಟಲಿಯ ಮಾತಿನಲ್ಲಿ, ವಿದ್ಯುತ್ತಿಲ್ಲದ ಪುಟಾಣಿ ಎಂದಷ್ಟೆ. ಎಲ್ಲದರ ನಡುವೆ ಇದ್ದು ಯಾವುದಕ್ಕೂ ಅಂಟದ ಅದರ ಸ್ವಭಾವ ಆ ಹೆಸರಿನಲ್ಲಿಲ್ಲ. ಹುಡುಗ ಕಟ್ಟಿದ ಹೆಸರಿನಲ್ಲಿದೆ. ಕನ್ನಡದಲ್ಲಿ ವಿಜ್ಞಾನ ಹೇಳಲು ಪದಗಳಿಲ್ಲ ಎಂಬ ಮಾತನ್ನು ನಾನೂ ಸಭೆಗಳಲ್ಲಿ ಆಡಿದ್ದುಂಟು. ಪದ ಇತ್ತು. ನಾನು ಅದಕ್ಕೆ ಕೆಂಪು ಗೀಟು ಹಾಕಿದ್ದೆ.

ಕೇಳುಗರೇ, ನಿಮ್ಮಲ್ಲಿ ಅಧ್ಯಾಪಕರಿದ್ದರೆ ಒಂದು ವಿನಂತಿ. ಮುಂದಿನ ಸಂಚಿಕೆಗೆ ಯಾವನಾದರೂ ಹುಡುಗನೋ ಹುಡುಗಿಯೋ ನಿಮಗೆ ಅರ್ಥವಾಗದ ವಿಷಯದ ಮೇಲೆ ಕನ್ನಡದಲ್ಲಿ ಬರೆದು ತಂದರೆ, ಆಧಾರ ಕೇಳಿ; ಕಾಗುಣಿತ ತಿದ್ದಿ; ಆದರೆ ಅಚ್ಚು ಹಾಕಿ. ಇನ್ನು ನೀವು ನಂಜುಂಡೇಶ್ವರನ ದರ್ಶನಕ್ಕೆಂದು ನಮ್ಮ ಊರಿಗೆ ಬಂದಾಗ, ಅದೇ ಹೆಸರಿನ ಇನ್ನೊಬ್ಬರನ್ನೂ ಒಂದು ಗಳಿಗೆ ನೆನೆಯಿರಿ.

ನನ್ನ ಸಾಲ ತೀರಿತೆನ್ನಲಾರೆ. ಬಡ್ಡಿಯಲ್ಲಿ ಒಂದು ಗುಲಗಂಜಿಯಷ್ಟು ಕಟ್ಟಿದ್ದೇನೆ.